ಬೆಟ್ಟನಿಗೆ ಬರಬೇಕಾದ ಎರಡೇಟು

ಮೃಗಶಿರೆ ಮಳೆ ಎರಡು ಸಲ ಚೆನ್ನಾಗಿ ಹೊಡೆದು, ಹುಲ್ಲೇಕೊಪ್ಪಲಿನ ಕಟ್ಟೆಗೆ ಸೊಂಟದುದ್ದ ಹೊಸ ನೀರು ಬಂದಿತ್ತು. ಉಣ್ಣೆ ಕತ್ತರಿಸುವ ಕಾಲ. ಅದಕ್ಕೆ ಮುಂಚೆ ಕುರಿಗಳ ಮೈ ತೊಳೆಯಬೇಕು. ಕೊಳೆ ಹಿಡಿದ ಉಣ್ಣೆಗೆ ಕತ್ತರಿಯೂ ಓಡುವುದಿಲ್ಲ, ಕಂಬಳಿ ನೇಯುವವರೂ ಮುಖ ಕೊಡುವುದಿಲ್ಲ. ಸಣ್ಣಬೀರಯ್ಯ ಬೆಳಗಿನಿಂದ ನೀರಿನಲ್ಲೇ ನಿಂತು ಒಂದೊಂದು ಕುರಿಯನ್ನೂ ಹಿಡಿದು ಮುಳುಗಿಸಿ, ಬೆನ್ನು ಹೊಟ್ಟೆ ಉಜ್ಜಿ, ದಡಕ್ಕೆ ತಳ್ಳುತ್ತಿದ್ದ. ಅವನ ಹೆಂಡತಿ ತಿಮ್ಮಮ್ಮ ತೊಳೆದವನ್ನು ಬಿಸಿಲು ಬೀಳುವ ಕಡೆ ಅಟ್ಟುತ್ತಿದ್ದಳು.

ಕುರಿಯ ವಿಷಯದಲ್ಲಿ ಸಣ್ಣಬೀರಯ್ಯನ ಹೆಸರು ರಾವಂದೂರಿನ ತನಕ ಹಬ್ಬಿತ್ತು. ಎರಡು ಮಂದೆ ಬೆರೆತು ಜಗಳವಾದರೆ ಜನ ಅವನನ್ನು ಕರೆಸುತ್ತಿದ್ದರು. ಅವನು ಬಂದು, ಎಲೆಯಡಿಕೆ ಹಾಕಿಕೊಂಡು, ಕುರಿಗಳ ನಡುವೆ ನಾಲ್ಕು ಹೆಜ್ಜೆ ನಡೆದು, ಇದು ನಿಂದು, ಅದು ಅವನದು ಎಂದರೆ ಎರಡನೇ ಮಾತಿರುತ್ತಿರಲಿಲ್ಲ.

ಇಂಥ ಸಣ್ಣಬೀರಯ್ಯನಿಗೆ ತನ್ನ ಅವಳಿ ಗಂಡುಮಕ್ಕಳಲ್ಲಿ ಅಂಕ ಯಾರು, ಬೆಟ್ಟ ಯಾರು ಎನ್ನುವುದು ಗೊತ್ತಾಗುತ್ತಿರಲಿಲ್ಲ.

ಆರು ವರ್ಷದಿಂದ ಅದನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮಕ್ಕಳು ಹುಟ್ಟಿದ ಹೊಸದರಲ್ಲಿ ಬಾಮೈದ ಬಂದು, ಯಾವ ಕೂಸು ಯಾವುದು ಎಂದು ತಬ್ಬಿಬ್ಬಾದಾಗ, "ಎಂಬತ್ತು ಕುರಿ ಮೊಖ ಗೊತ್ತಿರೋನ್ಗೆ ಎರಡು ಮಕ್ಳ ಮೊಖ ಗೊತ್ತಾಗಲ್ವೇನ್ಲಾ" ಎಂದು ನಕ್ಕುಬಿಟ್ಟಿದ್ದ. ತಿಮ್ಮಮ್ಮ ಆ ಮಾತನ್ನು ತೌರಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಆಮೇಲೆ ಹಿಂದೆ ಸರಿಯಲು ದಾರಿ ಉಳಿಯಲಿಲ್ಲ. ಕೂಗಬೇಕಾದರೆ "ಲೋ" ಎನ್ನುತ್ತಿದ್ದ, ಇಲ್ಲವೇ ಇಬ್ಬರ ಹೆಸರನ್ನೂ ಒಂದೇ ಉಸಿರಿಗೆ ಕೂಗುತ್ತಿದ್ದ. ಬೈಯಬೇಕಾದರೆ ಇಬ್ಬರಿಗೂ ಬೈಯುತ್ತಿದ್ದ. ತಿಮ್ಮಮ್ಮನಿಗೆ ಮಾತ್ರ, ಕತ್ತಲಲ್ಲಿ ಕೆಮ್ಮಿದರೂ ಯಾರೆಂದು ತಿಳಿಯುತ್ತಿತ್ತು.

"ಓ ಅಂಕನಪ್ಪ," ಎಂದಳು ದಡದಿಂದ ತಿಮ್ಮಮ್ಮ. "ನಾಳೆ ಮೇಷ್ಟ್ರು ಹುಡುಗ್ರ ಹೆಸ್ರು ಬರ್ಕೋತಾರಂತೆ. ಇಬ್ರನ್ನೂ ಕರ್ಕೊಂಡೋಗಿ ಸೇರ್ಸಿ ಬನ್ನಿ."

"ನೀನೇ ಹೋಗಮ್ಮಿ. ನಂಗ್ಯಾಕೆ ಅಲ್ಲೆಲ್ಲ."

"ನಾನು ಹೊಲಕ್ಕೆ ಗೊಬ್ಬರ ಹೊರೋದು ಬಿಟ್ಟು ಬರ್ಲಾ? ಹೆಸ್ರು ಹೇಳೋಕೆ ಎಷ್ಟೊತ್ತು?"

ಹೆಸರು ಹೇಳುವುದು ಒಂದು ಗಳಿಗೆ, ಯಾವ ಹೆಸರು ಯಾರದು ಎನ್ನುವುದೇ ಸಣ್ಣಬೀರಯ್ಯನ ಕಷ್ಟ. ಅವನು ಕೈಗೆ ಸಿಕ್ಕ ಕುರಿಯನ್ನು ಇನ್ನೊಂದು ಸಲ ಮುಳುಗಿಸಿದ.

ಊರ ಚಾವಡಿಯಲ್ಲೇ ಸ್ಕೂಲು. ಲಿಂಗಣ್ಣ ಮೇಷ್ಟ್ರು ಪಿರಿಯಾಪಟ್ಟಣದ ಕಡೆಯವರು. ರುಮಾಲು, ಕರಿ ಕೋಟು, ಮೂಗಿನ ತುದಿಗೆ ಕನ್ನಡಕ. ಚಾವಡಿಯ ಒಂದು ಮೂಲೆ ಮೊದಲಿನಿಂದಲೂ ಮುದುಕ ದೊಡ್ಡಮಾದಯ್ಯನದು. ಸ್ಕೂಲು ಬಂದರೂ ಅವನು ಅಲ್ಲಿಂದ ಎದ್ದಿರಲಿಲ್ಲ.

ಮಕ್ಕಳಿಬ್ಬರೂ ಅಪ್ಪನ ಕಂಬಳಿಯೊಳಗೆ ಸೇರಿಕೊಂಡು ನಾಲ್ಕು ಕಣ್ಣು ಮಾತ್ರ ಹೊರಗಿಟ್ಟಿದ್ದರು.

"ಹೆಸರು?" ಎಂದರು ಮೇಷ್ಟ್ರು.

"ಒಬ್ಬ ಅಂಕಯ್ಯ, ಒಬ್ಬ ಬೆಟ್ಟಸ್ವಾಮಿ, ಸ್ವಾಮಿ."

"ಸರಿ. ಇವರಲ್ಲಿ ಅಂಕಯ್ಯ ಯಾರು?"

ಸಣ್ಣಬೀರಯ್ಯ ಹತ್ತಿರದವನ ಹೆಗಲು ಒತ್ತಿದ. "ಹೇಳ್ಲಾ ಮಗ, ಮೇಷ್ಟ್ರು ಕೇಳ್ತಾವ್ರೆ." ಮಗ ಬಾಯಿ ತೆರೆದ, ಹೆಸರಿನ ಬದಲು ಅಳು ಬಂತು. ಅದನ್ನು ಕೇಳಿ ಇನ್ನೊಬ್ಬನೂ ಶುರುಮಾಡಿದ.

ದೊಡ್ಡಮಾದಯ್ಯ ಮೂಲೆಯಿಂದ ಎಂದ: "ಮಕ್ಳನ್ನ ಯಾಕೆ ಕೇಳ್ತೀರಿ ಮೇಷ್ಟ್ರೇ. ಕುರಿ ಗುರುತು ಹಿಡಿಯೋ ಸಣ್ಣಬೀರಯ್ಯ ಕಣ್ರೀ ಅವ್ನು. ಅವ್ನನ್ನೇ ಕೇಳಿ."

ಇನ್ನು ಸುಮ್ಮನಿದ್ದರೆ ಮರ್ಯಾದೆ ಉಳಿಯುವುದಿಲ್ಲ. ಬೆರೆತ ಮಂದೆಯ ನಡುವೆ ನಿಂತಾಗಿನ ಗತ್ತಿನಲ್ಲೇ ಅವನು ಒಬ್ಬನ ರಟ್ಟೆ ಹಿಡಿದು ಮುಂದೆ ತಂದ. "ಇವ್ನು ಅಂಕ. ಅವ್ನು ಬೆಟ್ಟ."

"ನಾಳೆಯಿಂದ ನನಗೆ ಗುರುತು ಹೇಗೆ?"

"ಒಂದು ಗುರುತು ಮಾಡ್ಕೊಟ್ಬುಡ್ತೀನಿ, ಸ್ವಾಮಿ."

"ಕುರಿಗೆ ಮಾಡಿದ ಹಾಗೆ ಕಿವಿಗಿವಿ ಕತ್ತರಿಸಬೇಡವಯ್ಯ."

ಸಣ್ಣಬೀರಯ್ಯ ಸೊಂಟದಲ್ಲಿ ಸಿಕ್ಕಿಸಿದ್ದ ನೂಲುವ ಕದಿರಿನಿಂದ ಒಂದು ಮೊಳ ಕರಿ ಉಣ್ಣೆದಾರ ಬಿಚ್ಚಿ, ತಾನು ಅಂಕ ಎಂದವನ ಮಣಿಕಟ್ಟಿಗೆ ಮೂರು ಸುತ್ತು ಸುತ್ತಿ ಗಂಟು ಹಾಕಿದ. ಮೇಷ್ಟ್ರು ಮೆಚ್ಚಿ ತಲೆಯಾಡಿಸಿದರು.

ಸಂಜೆ ಊಟಕ್ಕೆ ಕೂತಾಗ ತಿಮ್ಮಮ್ಮ, "ಬೆಟ್ಟ, ಮುದ್ದೆ ಇಸ್ಕೋ ಬಾ" ಎಂದಳು. ದಾರ ಕಟ್ಟಿದ್ದವನು ಎದ್ದು ಹೋದ. ಚಾವಡಿಯಲ್ಲಿ ಅಂಕ ಎಂದು ತೋರಿಸಿದ್ದು ಬೆಟ್ಟನನ್ನು ಎಂದು ಸಣ್ಣಬೀರಯ್ಯನಿಗೆ ಆಗ ತಿಳಿಯಿತು.

"ಇದೇನ್ಲಾ ಕೈಗೆ?" ಎಂದು ಅವಳು ದಾರ ಮುಟ್ಟಿ ನೋಡಿದಳು.

"ಮೇಷ್ಟ್ರಿಗೆ ಗುರುತು ಸಿಗ್ಲಿ ಅಂತ ಕಟ್ಟಿದ್ದು ಕಣಮ್ಮಿ," ಎಂದ ಗಂಡ. ಸುಳ್ಳೇನೂ ಅಲ್ಲ.

ಮಾರನೆಯ ದಿನವೇ ಹೋಗಿ ಸರಿಮಾಡಬಹುದಿತ್ತು. ಆದರೆ ದೊಡ್ಡಮಾದಯ್ಯನ ಎದುರಿಗೆ, ನನ್ನ ಮಕ್ಕಳು ನನಗೇ ಗೊತ್ತಾಗಲಿಲ್ಲ ಎನ್ನುವುದು ಹೇಗೆ? ಹೆಸರು ತಾನೇ, ಎಲ್ಲಿದ್ದರೇನು ಎಂದು ಸಮಾಧಾನ ಮಾಡಿಕೊಂಡ. ಸ್ಕೂಲಿನಿಂದ ಬರುವಾಗ ದಾರದವನೇ ಕೇಳಿದ:

"ಅಪ್ಪ, ಮೇಷ್ಟ್ರು ನನ್ನ ಅಂಕ ಅಂತಾರೆ."

"ಇಸ್ಕೂಲ್ನಾಗೆ ಅಂಗೇ ಕಣ್ಲಾ ಮಗ. ಅಲ್ಲೊಂದು ಹೆಸ್ರು, ಮನೇಲೊಂದು ಹೆಸ್ರು. ಅವ್ವನ್ಗೆ ಹೇಳ್ಬೇಡಿ," ಎಂದು ಇಬ್ಬರಿಗೂ ಒಂದೊಂದು ಹಿಡಿ ಹುರಿಗಡಲೆ ಕೊಟ್ಟ.

ಮಕ್ಕಳು ಒಪ್ಪಿಕೊಂಡರು. ಸ್ಕೂಲಿನಲ್ಲಿ ಎಲ್ಲವೂ ಬೇರೆಯೇ. ಅಲ್ಲಿ ಉಚ್ಚೆ ಹೊಯ್ಯಬೇಕಾದರೆ ಕಿರುಬೆರಳು ಎತ್ತಬೇಕು. ಒಳ್ಳೆ ಮರಳನ್ನು ನೆಲದ ಮೇಲೆ ಹರಡಿ, ಅದರಲ್ಲಿ ಆಡದೆ ಬೆರಳಿನಿಂದ ಗೀಚಬೇಕು. ಡ್ರಿಲ್ಲು ಎಂದು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ, ಎಲ್ಲಿಗೂ ಹೋಗದೆ ನಡೆಯಿರಿ ಎನ್ನುತ್ತಾರೆ. ಅಂಥ ಕಡೆ ಹೆಸರು ಬೇರೆಯಾದರೆ ಏನು ಆಶ್ಚರ್ಯ?

ಹದಿನೈದು ದಿನ ಕಳೆಯಿತು. ಉಣ್ಣೆ ಕತ್ತರಿಸಿ ಮುಗಿದು, ಕುರಿಗಳೆಲ್ಲ ಬೋಳಾಗಿ ನಿಂತಿದ್ದ ಒಂದು ಸಂಜೆ ಲಿಂಗಣ್ಣ ಮೇಷ್ಟ್ರೇ ಮನೆಗೆ ಬಂದರು. ಆ ದಿನ ತಲೆಯ ಮೇಲೆ ರುಮಾಲಿರಲಿಲ್ಲ. ತಿಮ್ಮಮ್ಮ ಜಗಲಿಗೆ ಕಂಬಳಿ ಹಾಸಿ ಮಜ್ಜಿಗೆ ಕೊಟ್ಟಳು.

"ನೋಡಮ್ಮ, ನಿಮ್ಮ ಅಂಕಯ್ಯ ಚಿನ್ನದಂಥ ಹುಡುಗ. ಕೂರಿಸಿದ ಕಡೆ ಕೂರುತ್ತಾನೆ. ಆಗಲೇ ಋ ತನಕ ತಿದ್ದಿದ್ದಾನೆ."

ತಿಮ್ಮಮ್ಮ ಅಂಕನ ಕಡೆ ನೋಡಿದಳು. ಅವನು ಆ ಹೊತ್ತಿಗೆ ನಾಯಿಯ ಬಾಲಕ್ಕೆ ತೆಂಗಿನ ಚಿಪ್ಪು ಕಟ್ಟುತ್ತಿದ್ದ.

"ಬೆಟ್ಟಸ್ವಾಮಿ ಮಾತ್ರ ಆಗುವುದಿಲ್ಲ. ಡ್ರಿಲ್ಲಿನಲ್ಲಿ ಬಲಕ್ಕೆ ತಿರುಗಿ ಎಂದರೆ ಟಗರಿನ ಹಾಗೆ ಕೂಗುತ್ತಾನೆ. ಇಡೀ ಸಾಲು ಚೆಲ್ಲಾಪಿಲ್ಲಿ. ಇವತ್ತು ನಾನು ಒಂದು ಗಳಿಗೆ ಕಣ್ಣು ಮುಚ್ಚಿದ್ದೆ, ಅಷ್ಟರಲ್ಲಿ ನನ್ನ ರುಮಾಲು ತೆಗೆದು ಟಗರಿನ ಕೊಂಬಿಗೆ ಸುತ್ತಿ ಬಿಟ್ಟಿದ್ದಾನೆ. ಅದು ಊರೆಲ್ಲ ತಿರುಗಿತು. ಆ ದೊಡ್ಡಮಾದಯ್ಯ, ಕಣ್ಣು ಮಂಜು ನೋಡಿ, ಅದಕ್ಕೆ ಕೈಮುಗಿದು ದಾರಿ ಬಿಟ್ಟನಂತೆ."

"ನನ್ ಬೆಟ್ಟನಾ? ಕೋಳಿ ಓಡ್ಸು ಅಂದ್ರೂ ಅಳೋನು ಅವ್ನು, ಸ್ವಾಮಿ."

"ಮನೆಯಲ್ಲಿ ಸಾಧು, ಹೊರಗೆ ಹೀಗೆ. ಎಂಥೆಂಥವರನ್ನು ನೋಡಿಲ್ಲ ನಾನು. ಹೊಡೆಯುವುದು ನನಗಿಷ್ಟವಿಲ್ಲ. ನೀವೇ ಬುದ್ಧಿ ಹೇಳಿ."

ಮೇಷ್ಟ್ರ ಬರಿದಲೆ ನೋಡಿ ತಿಮ್ಮಮ್ಮನಿಗೆ ನಾಚಿಕೆಯಾಯಿತು. ಅವರು ಅತ್ತ ಹೋಗುತ್ತಲೇ ಸೂರಿನಿಂದ ಹುಣಿಸೆ ಬರಲಿನ ಸಣ್ಣ ಕೋಲು ಹಿರಿದು ಬೆಟ್ಟನನ್ನು ಕರೆದಳು. ಬೆಟ್ಟ ಬಂದು ಕೈ ನೀಡಿದ. ಎರಡು ಏಟು ಕೊಟ್ಟಳು. ಒಳ್ಳೆಯ ಹುಡುಗನಾಗಿದ್ದಕ್ಕೆ ಅಂಕನಿಗೆ ಒಂದು ಉಂಡೆ ಬೆಲ್ಲ ಕೊಟ್ಟಳು. ಅವನು ಅದನ್ನು ಯಾರೂ ಕೇಳುವ ಮೊದಲೇ ಬಾಯಿಗೆ ಹಾಕಿಕೊಂಡ.

ಬೆಟ್ಟ ಅಳಲಿಲ್ಲ. ಅಪ್ಪನ ಮುಖ ನೋಡಿದ. ಸಣ್ಣಬೀರಯ್ಯ ತಿರುಗಿ ಕುರಿಹಟ್ಟಿಯ ಕಡೆ ನೋಡತೊಡಗಿದ.

ಸ್ವಲ್ಪ ಹೊತ್ತಿನ ಮೇಲೆ ಅವನು ಹಟ್ಟಿಗೆ ಹೋದರೆ ಬೆಟ್ಟ ಅಲ್ಲಿ ಒಂದು ಮರಿಯ ಪಕ್ಕ ಕೂತು ಅಂಗೈ ಊದಿಕೊಳ್ಳುತ್ತಿದ್ದ.

"ನೋವಾಯ್ತಾ ಮಗ?"

"ಇದು ಅಂಕನ ಏಟು."

"ಊಂ ಕಣಪ್ಪ."

"ಇಸ್ಕೂಲ್ ಹೆಸ್ರಿನ ಏಟನ್ನ ಅವ್ವ ಮನೆ ಹೆಸ್ರಿನೋನ್ಗೆ ಯಾಕೆ ಕೊಟ್ಲು?"

ಇಂಥ ವ್ಯಾಜ್ಯ ಸಣ್ಣಬೀರಯ್ಯನ ಮುಂದೆ ಯಾವತ್ತೂ ಬಂದಿರಲಿಲ್ಲ.

"ಅವ್ವನ್ಗೆ ಹೇಳ್ಲಾ?" ಎಂದ ಬೆಟ್ಟ.

"ಬ್ಯಾಡ. ನಾನೇ ಹೇಳ್ತೀನಿ ನಡಿ."

ತಿಮ್ಮಮ್ಮ ಬಾಗಿಲಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ಅವನು ಎದುರು ಕೂತ. ಮೊದಲು ಮಳೆಯ ಮಾತು ತೆಗೆದ, ಆಮೇಲೆ ಉಣ್ಣೆಯ ಧಾರಣೆ, ಆಮೇಲೆ ಮೇಷ್ಟ್ರ ಕನ್ನಡಕ. ಕೊನೆಗೆ, ಕಣ್ಣು ನೆಲದಲ್ಲಿಟ್ಟು, ಚಾವಡಿಯಲ್ಲಿ ಏನಾಯಿತು ಎನ್ನುವುದನ್ನೂ ಆರು ವರ್ಷದ ಗುಟ್ಟನ್ನೂ ಹೇಳಿಬಿಟ್ಟ.

ತಿಮ್ಮಮ್ಮನ ಕೈ ನಿಲ್ಲಲಿಲ್ಲ. "ನಿಮ್ಗೆ ಗುರುತು ಸಿಗಲ್ಲ ಅಂತ ನಂಗೊತ್ತು."

"ಗೊತ್ತಾ?"

"ಅದ್ಯಾವ್ದೋ ಯುಗಾದೀಲಿ ಒಬ್ಬನ್ಗೇ ಎರಡು ಸಲ ಎಣ್ಣೆ ನೀರು ಹಾಕಿ, ಇಬ್ರದೂ ಆಯ್ತು ಅಂದ್ರಲ್ಲ. ಇನ್ನೊಬ್ಬ ಒಣಗ್ಕೊಂಡು ಕೂತಿದ್ದ."

"ಅವತ್ತೇ ಹೇಳ್ಬಾರ್ದಾಗಿತ್ತಾ?"

"ತೌರಲ್ಲಿ ಅಷ್ಟು ಹೊಗಳ್ಕೊಂಡು ಬಂದಿದ್ನಲ್ಲ. ನಾನ್ ಯಾವ ಮೊಖ ಇಟ್ಕೊಂಡು ಹೇಳ್ಲಿ?" ಎಂದವಳು ಈಗ ಉಣ್ಣೆ ಬದಿಗಿಟ್ಟಳು. ದನಿ ಬದಲಾಯಿತು. "ಗುರುತು ಸಿಗ್ದಿದ್ರೆ ಹೋಗ್ಲಿ. ನನ್ ಕೈಲಿ ಆ ಮಗೀಗೆ ಏಟು ಹಾಕಿಸ್ಬುಟ್ಟು ಕುರಿ ನೋಡ್ಕೊಂಡು ನಿಂತಿದ್ರಲ್ಲ."

ತಿಮ್ಮಮ್ಮ ಬೆಟ್ಟನನ್ನು ಕರೆದು, ಮಡಿಲಿಗೆ ಎಳೆದುಕೊಂಡು, ಅಂಗೈಗೆ ಹರಳೆಣ್ಣೆ ಸವರಿದಳು. ಹುಣಿಸೆ ಬರಲನ್ನು ಅವನ ಕೈಗೇ ಕೊಟ್ಟಳು. "ಈ ಎರಡೇಟು ಯಾರ್ಗೆ ಸಲ್ಬೇಕೋ ಅವ್ರಿಗೆ ಕೊಡು ಮಗ."

ಅಂಕ ಆಗಲೇ ಅಟ್ಟ ಹತ್ತಿಯಾಗಿತ್ತು. ಬೆಟ್ಟ ಅವನ ಕಡೆ ನೋಡಲೂ ಇಲ್ಲ. ನೇರ ಅಪ್ಪನ ಮುಂದೆ ಬಂದು ನಿಂತ. ಸಣ್ಣಬೀರಯ್ಯ ಬಲಗೈಯ ಅಂಗೈ ಚಾಚಿದ. ಆರು ವರ್ಷದ ಮಗುವಿನ ತೋಳಲ್ಲಿ ಎಷ್ಟು ಕಸುವಿದ್ದೀತು ಎಂದುಕೊಂಡಿದ್ದ. ಏಟಿನ ಸದ್ದಿಗೆ ಹಟ್ಟಿಯ ಕುರಿಗಳು ಎದ್ದು ನಿಂತವು.

ಬೆಟ್ಟ ಇನ್ನೊಂದು ಏಟಿಗೆ ಕೈಯೆತ್ತಿ, ಏನೋ ಯೋಚಿಸಿ, ಇಳಿಸಿದ. "ಇನ್ನೊಂದು ಇರ್ಲಿ. ಬೇಕಾದಾಗ ಕೊಡ್ತೀನಿ," ಎಂದು ಬರಲನ್ನು ಸೂರಿಗೆ ಸಿಕ್ಕಿಸಲು ಅವ್ವನ ಕೈಗೆ ಕೊಟ್ಟ.

ಮಾರನೆಯ ಬೆಳಿಗ್ಗೆ ಸಣ್ಣಬೀರಯ್ಯ ಚಾವಡಿಗೆ ಹೋಗಿ ಎಲ್ಲರೆದುರೇ ತಪ್ಪು ಒಪ್ಪಿಕೊಂಡು, ಬೆಟ್ಟನ ಕೈಯ ದಾರ ಬಿಚ್ಚಿ ಅಂಕನ ಕೈಗೆ ಕಟ್ಟಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ದೊಡ್ಡಮಾದಯ್ಯ ನಕ್ಕೂ ನಕ್ಕೂ ಹೊಗೆಸೊಪ್ಪು ನುಂಗಿಕೊಂಡ. ಆಮೇಲೆ ಇದ್ದಕ್ಕಿದ್ದಂತೆ ನಗು ನಿಲ್ಲಿಸಿ, "ಅಲ್ಲ ಕಣ್ಲಾ, ಹಂಗಾದ್ರೆ ಹೋದ ವರ್ಸ ಇದೇ ನಿನ್ ಟಗರು ಅಂತ ನಂಗೆ ಹಿಡ್ಕೊಟ್ಟೆಯಲ್ಲ, ಅದು ಯಾರ್ದು?" ಎಂದ.

ದಾರವನ್ನು ಅಂಕ ಎರಡೇ ದಿನಕ್ಕೆ ಕಚ್ಚಿ ಕಿತ್ತುಹಾಕಿದ. ಮೇಷ್ಟ್ರು ಬೇರೆ ದಾರಿ ಹುಡುಕಿಕೊಳ್ಳಬೇಕಾಯಿತು. ಸಣ್ಣಬೀರಯ್ಯನಿಗೆ ಮಾತ್ರ ಈಗ ಯಾವ ಗುರುತೂ ಬೇಕಿರಲಿಲ್ಲ. ಬೆಳಿಗ್ಗೆ ಎದ್ದು ಮಕ್ಕಳಿಬ್ಬರೂ ಎದುರು ಬಂದು ನಿಂತರೆ, ಒಬ್ಬ ಅವನ ಮುಖ ನೋಡುತ್ತಿದ್ದ, ಇನ್ನೊಬ್ಬ ಅವನ ಬಲಗೈ ನೋಡುತ್ತಿದ್ದ. ಕೈ ನೋಡುವವನು ಬೆಟ್ಟ.

ದೀಪಾವಳಿ ಬಂತು, ಹೋಯಿತು. ರಾಗಿ ಕಣಕ್ಕೆ ಬಂತು.

"ಅದೊಂದೇಟು ತಿಂದು ತೀರಿಸ್ಕೊಳ್ಬಾರ್ದಾ," ಎಂದಳು ತಿಮ್ಮಮ್ಮ ಒಂದು ದಿನ. "ಮಗ ದಿನಾ ಕಾಯ್ತಾನೆ."

"ಇರ್ಲಿ ಬುಡಮ್ಮಿ, ಅವಸರ ಏನು," ಎಂದು ಸಣ್ಣಬೀರಯ್ಯ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡ.