ಬರೀ ಕಾಯಿಸೋ ಕೆಲಸ

ಅತ್ತೆ ಬಾಯಲ್ಲಿ ಅಳಿಯನನ್ನು 'ನೀವು, ತಾವು' ಎನ್ನುತ್ತಿದ್ದಳು, ಮನಸ್ಸಿನಲ್ಲಿ 'ಇವನು' ಎನ್ನುತ್ತಿದ್ದಳು. ಮಗಳ ಮದುವೆಯಾಗಿ ಮೂರು ವರ್ಷ ಈ ಏರ್ಪಾಡು ಸಲೀಸಾಗಿ ನಡೆದಿತ್ತು. ಹೋದ ತಿಂಗಳು ಯಜಮಾನರು ಸೊಂಟನೋವೆಂದು ವರ್ಕ್‌ಶಾಪಿನ ಬೀಗದಕೈಯನ್ನು ಅಳಿಯನಿಗೆ ಕೊಟ್ಟರು ನೋಡಿ, ಅಲ್ಲಿಂದ ಶುರುವಾಯಿತು ತಕರಾರು.

ವರ್ಕ್‌ಶಾಪ್ ದೊಡ್ಡದೇನಲ್ಲ. ತಗಡಿನ ಶೆಡ್ಡು, ಕೊಳವೆ ಬಗ್ಗಿಸುವ ಮೂರು ಯಂತ್ರ, ನಾಲ್ಕು ಜನ ಕೆಲಸಗಾರರು. ಫ್ರಿಜ್ಜುಗಳಿಗೆ ಬೇಕಾದ ತಾಮ್ರದ ಸುರುಳಿ ಮಾಡಿಕೊಡುವುದು ಅವರ ಕಸುಬು. ಒಂದು ಸಲ ಬಗ್ಗಿದ ಕೊಳವೆ ಅತ್ತೆಯ ಕುಲುಮೆಗೆ ಬರಬೇಕು, ಕೆಂಪಗೆ ಕಾಯಬೇಕು, ತೊಟ್ಟಿಯ ನೀರಿನಲ್ಲಿ ಚುಂಯ್ ಎಂದು ಮುಳುಗಬೇಕು, ಆಮೇಲೆ ಎರಡನೇ ಯಂತ್ರಕ್ಕೆ ಹೋಗಬೇಕು. ಆ ಕುಲುಮೆಯ ಮುಂದೆ ಅವಳು ನಿಂತು ಇಪ್ಪತ್ತಾರು ವರ್ಷವಾಗಿತ್ತು.

ಅಳಿಯ ಒಂದು ವಾರ ನೋಟ್‌ಬುಕ್ ಹಿಡಿದು ಎಲ್ಲರ ಹಿಂದೆ ಓಡಾಡಿದ. ಕುಲುಮೆಗೆ ಹೋದ ಕೊಳವೆ ಹೋದ ಹಾಗೇ ವಾಪಸು ಬರುವುದನ್ನು ಕಂಡುಹಿಡಿದ. ಅಷ್ಟೇ ಉದ್ದ, ಅಷ್ಟೇ ದಪ್ಪ, ಬಣ್ಣ ಬೇರೆ ಒಂದಿಷ್ಟು ಕೆಟ್ಟಿರುತ್ತದೆ. ಮಾವನನ್ನು ಕೇಳಿದರೆ ಅವರೂ "ಅದಾ? ಬರೀ ಕಾಯಿಸೋ ಕೆಲಸ" ಎಂದು ಕೈ ಆಡಿಸಿಬಿಟ್ಟರು. ಅಳಿಯ ಕುಲುಮೆಯ ಹೆಸರಿನ ಮೇಲೆ ಗೀಟು ಎಳೆದ. ಮಂಗಳವಾರ ಮೂರು ಗಂಟೆಗೆ ಗುಜರಿಯವನು ಬಂದು ಅದನ್ನು ಹೊತ್ತುಕೊಂಡು ಹೋಗುತ್ತಾನೆ, ಅತ್ತೆ ಇನ್ನು ಮನೆಯಲ್ಲಿ ಆರಾಮಾಗಿರಬಹುದು ಎಂದ.

ಆರಾಮ ಎಂಬ ಮಾತು ಅವಳಿಗೆ ಚುಚ್ಚಿತು. ಅಳು ಬಂತು, ನುಂಗಿಕೊಂಡಳು. ಆಮೇಲೆ ಸಿಟ್ಟು ಬಂತು, ಅದನ್ನು ನುಂಗಲಿಲ್ಲ.

ಮಂಗಳವಾರ ಮಧ್ಯಾಹ್ನ ಎಲ್ಲರೂ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಅವಳು ಒಂದು ತಾಮ್ರದ ಸರಳನ್ನು ಮೇಜಿನ ಮೇಲಿಟ್ಟಳು. ಪೆನ್ಸಿಲ್ಲಿನಷ್ಟು ದಪ್ಪ, ಒಂದು ತೋಳುದ್ದ. ಇದನ್ನು ಬರಿಗೈಯಲ್ಲಿ ಬಗ್ಗಿಸುವಂಥವರು ಈ ಕಾಲದಲ್ಲಿ ಯಾರಿದ್ದಾರೆ ಎಂದು ತನ್ನಷ್ಟಕ್ಕೆ ಗೊಣಗಿದಳು. ಅಳಿಯ ದಿನಾ ಬೆಳಿಗ್ಗೆ ಕಸರತ್ತು ಮಾಡುವವನು. ಅವನು ತೋಳು ಮಡಿಸಿಕೊಂಡು ಮುಂದೆ ಬರುತ್ತಾನೆಂದು ಅವಳಿಗೆ ಗೊತ್ತೇ ಇತ್ತು.

ಸರಳು ಕಣಕದ ಹಾಗೆ ಬಗ್ಗಿತು. ಅಳಿಯನಿಗೇ ಆಶ್ಚರ್ಯ.

"ನೋಡಿದ್ರಾ ಅತ್ತೆ, ತಾಮ್ರ ಹುಟ್ಟಾ ಮೆತ್ತಗೆ. ಇದಕ್ಕೆ ಕುಲುಮೆ ಯಾಕೆ?"

ಅತ್ತೆ ತಲೆ ತಗ್ಗಿಸಿದಳು, ನಗು ಕಾಣಬಾರದಲ್ಲ. ಕೆಲಸಗಾರರು ಹುರಿದುಂಬಿಸಿದರು. ಅಳಿಯ ಉಬ್ಬಿಹೋಗಿ ಸರಳನ್ನು ತನ್ನ ಎಡಗೈ ಮಣಿಕಟ್ಟಿಗೇ ಒಂದೂವರೆ ಸುತ್ತು ಸುತ್ತಿ, ತುದಿಗಳನ್ನು ಮೇಜಿನ ಅಂಚಿಗೆ ಒತ್ತಿ ಕೂರಿಸಿದ. ಎಲ್ಲರಿಗೂ ಕೈ ಎತ್ತಿ ತೋರಿಸಿದ.

ಬಿಚ್ಚಲು ಹೋದರೆ ಬರಲಿಲ್ಲ. ಹಲ್ಲು ಕಚ್ಚಿ ಎಳೆದ. ಸೋಪು ಹಚ್ಚಿದ. ಹಿರಿಯ ಕೆಲಸಗಾರ ಇಕ್ಕಳ ಹಾಕಿದ. ತಾಮ್ರಕ್ಕಿಂತ ಮೊದಲು ಮೂಳೆ ಬಗ್ಗುವ ಹಾಗೆ ಕಂಡು ಬಿಟ್ಟುಬಿಟ್ಟ. ಗಡಿಯಾರದಲ್ಲಿ ಎರಡೂವರೆ.

"ಅತ್ತೆ, ಇದಕ್ಕೆ ಏನು ಮಾಡಿದ್ರಿ?"

"ಬೆಳಿಗ್ಗೆ ಕಾಯಿಸಿಟ್ಟಿದ್ದೆ, ಅಷ್ಟೇ. ಗಟ್ಟಿ ಮಾಡಿದ್ದು ನಿಮ್ಮ ಕೈ."

ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದಳು. ತಾಮ್ರದೊಳಗೆ ಕಣ್ಣಿಗೆ ಕಾಣದ ಕಣಗಳು ಒಂದನ್ನೊಂದು ಹಿಡಿದುಕೊಂಡು ಸಾಲಾಗಿ ಕೂತಿರುತ್ತವೆ. ಬಗ್ಗಿಸಿದಾಗ ಹಿಡಿತ ಬಿಡದೆ ಸಾಲಿನ ಮೇಲೆ ಸಾಲು ಜಾರುತ್ತದೆ, ಅದಕ್ಕೇ ಅದು ಮೆತ್ತಗೆ. ಆದರೆ ಜಾರಿ ಜಾರಿ ಸಾಲುಗಳೆಲ್ಲ ತಲೆಗೂದಲಿನಂತೆ ಸಿಕ್ಕಾಗುತ್ತವೆ, ಮತ್ತೆ ಜಾರಲು ಜಾಗವೇ ಇರುವುದಿಲ್ಲ. ಅಂಥ ಕೊಳವೆಯನ್ನು ಎರಡನೇ ಯಂತ್ರಕ್ಕೆ ಕೊಟ್ಟರೆ ಸೀಳಿಹೋಗುತ್ತದೆ. ಕುಲುಮೆ ಆ ಸಿಕ್ಕು ಬಿಡಿಸುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ಆಗಿಲ್ಲ ಅನಿಸುತ್ತದೆ.

"ಈಗ ಇದನ್ನ ಬಿಚ್ಚೋದು ಹೇಗೆ?"

"ಕೆಂಪಗೆ ಕಾಯಿಸಿದ್ರೆ ತಾನೇ ಮೆತ್ತಗಾಗುತ್ತೆ. ಕುಲುಮೆ ಬಿಸಿಯಾಗೇ ಇದೆ. ಕೈ ಹೇಗೆ ಇಡ್ತೀರೋ ನೀವೇ ನೋಡ್ಕೊಳ್ಳಿ."

ಕೆಲಸಗಾರರು ಗೋಡೆ ಕಡೆ ತಿರುಗಿ ಕೆಮ್ಮಿದರು. ಅಳಿಯ ತಾಮ್ರದ ಬಳೆ ಕಾಣದ ಹಾಗೆ ಕೈಗೆ ಟವೆಲ್ ಸುತ್ತಿಕೊಂಡು ಕೂತ. ಮೂರಕ್ಕೆ ಸರಿಯಾಗಿ ಗುಜರಿಯವನ ಗಾಡಿ ಬಂದು ನಿಂತಿತು. ಕುಲುಮೆ ಯಾವುದು ಎಂದು ಅವನು ಕೇಳಿದ. ಅಳಿಯ ಕುಲುಮೆಯನ್ನು ನೋಡಿದ, ಟವೆಲನ್ನು ನೋಡಿದ.

"ಅದನ್ನ ಕೊಡಲ್ಲ. ನನಗೆ ಗೊತ್ತಾಗದೆ ಕರೆಸಿಬಿಟ್ಟೆ, ತಪ್ಪಾಯ್ತು."

ಗಾಡಿ ತಿರುವು ದಾಟುವವರೆಗೂ ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು, ಕಪಾಟಿನಿಂದ ಗರಗಸ ತೆಗೆದು, ಅವನ ಕೈಯ ಬಳೆಯ ಕೆಳಗೆ ಒಂದು ಚರ್ಮದ ತುಂಡು ತೂರಿಸಿ ಕೊಯ್ಯತೊಡಗಿದಳು.

"ಗರಗಸ ಇತ್ತಾ? ಮೊದಲೇ ಹೇಳ್ಬಾರದಾಗಿತ್ತಾ?"

"ಮೂರು ಗಂಟೆ ಆಗ್ಲಿ ಅಂತಿದ್ದೆ."

ಅಳಿಯ ಮುನಿಸಿಕೊಳ್ಳುತ್ತಾನೆ ಎಂದುಕೊಂಡಿದ್ದಳು. ಅವನು ಕೊಯ್ದ ತುಂಡನ್ನು ತಾನೇ ಚಿಮಟದಲ್ಲಿ ಹಿಡಿದು ಕುಲುಮೆಗಿಟ್ಟ. ಯಾವ ಬಣ್ಣಕ್ಕೆ ಬಂದಾಗ ತೆಗೀಬೇಕು ಎಂದು ಕೇಳಿದ. ಇಪ್ಪತ್ತಾರು ವರ್ಷದಲ್ಲಿ ಅವಳನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ, ಯಜಮಾನರಂತೂ ಇಲ್ಲವೇ ಇಲ್ಲ. ಅವಳಿಗೆ ತಡೆಯಲಾರದಷ್ಟು ಖುಷಿಯಾಯಿತು. ಬಣ್ಣ ತೋರಿಸಿದಳು. ನೀರಿನಲ್ಲಿ ಅದ್ದಿ ತೆಗೆದ ತುಂಡನ್ನು ಅಳಿಯ ಎರಡು ಕೈಯಲ್ಲಿ ಹಿಡಿದು ಸಲೀಸಾಗಿ ನೆಟ್ಟಗೆ ಮಾಡಿದ. ಮಣಿಕಟ್ಟಿನ ಕೆಂಪು ಗುರುತು ಉಜ್ಜಿಕೊಳ್ಳುತ್ತ ಗಡಿಯಾರ ನೋಡಿದ.

"ಅತ್ತೆ, ನಾಲ್ಕಕ್ಕೆ ಮಾವ ಬರ್ತಾರೆ. ಇನ್ನೊಂದು ಸರಳು ಕಾಯಿಸೋಕೆ ಎಷ್ಟು ಹೊತ್ತು ಬೇಕು?"

ಅತ್ತೆ ಮೂಲೆಯ ಹಲಗೆಯ ಮೇಲಿದ್ದ ಬಟ್ಟೆ ಸರಿಸಿದಳು.

"ಬೆಳಿಗ್ಗೆ ಎರಡು ಕಾಯಿಸಿದ್ದೆ ಕಣೋ."