ಪೇಂಟಿನ ರಂಗೋಲಿ

ವಡ್ಡು ಊರಿನ ಭೀಮಮ್ಮನಿಗೆ ಬೆಳಗಾದರೆ ಕೆಂಧೂಳಿನ ಜೊತೆ ಜಗಳ. ಅಂಗಳ ಗುಡಿಸಿ, ಸಗಣಿ ನೀರು ಚಿಮುಕಿಸಿ, ರಂಗೋಲಿ ಎಳೆದು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಅದಿರಿನ ಲಾರಿಗಳ ಸಾಲು ಶುರುವಾಗುತ್ತಿತ್ತು. ಹತ್ತು ಲಾರಿ ದಾಟಿದವೆಂದರೆ, ಅಲ್ಲಿ ರಂಗೋಲಿ ಇತ್ತೆಂದು ಆಣೆ ಮಾಡಿ ಹೇಳಬೇಕು. ಲಾರಿ ಮಾಲೀಕರಿಗೆ ಅವಳು ಹಾಕಿದ ಶಾಪಗಳಲ್ಲಿ ಒಂದಾದರೂ ತಟ್ಟಿದ್ದರೆ ಆ ರಸ್ತೆ ಎಂದೋ ಖಾಲಿಯಾಗಬೇಕಿತ್ತು.

ಕೊನೆಗೆ ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿಸಲೇಬೇಕೆಂದು ಹಟ ಹಿಡಿದಳು. ಗಂಡ ವಿರುಪಾಕ್ಷಪ್ಪ ಪಂಚಾಯಿತಿಯ ನೀರುಗಂಟಿ. ಡಂಗುರ ಸಾರುವ ಕೆಲಸವೂ ಅವನದೇ. ಅಂಗಳವನ್ನು ಪೂರಾ ಮುಚ್ಚಬಾರದು, ಮಳೆನೀರು ಇಂಗಲು ಮೂರಡಿ ಮಣ್ಣು ಬಿಡಬೇಕು ಎಂದು ಹಿಂದಿನ ವಾರವಷ್ಟೇ ಊರಿಗೆಲ್ಲ ಸಾರಿ ಬಂದಿದ್ದ.

"ಬೇವಿನ ಗಿಡದ ಸುತ್ತಾದ್ರೂ ಮೂರಡಿ ಬಿಡು ಭೀಮಿ. ನೀರು ಎಲ್ಲಿಗೆ ಹೋಗಬೇಕು?"

"ಆ ಮೂರಡಿ ಧೂಳು ನೀವು ಬಳೀತೀರೇನು? ಊರಿಗೆ ಹೇಳೋ ಮಾತು ಊರಾಗ ಬಿಟ್ಟು ಬರ್ರಿ."

ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಊರಿಗೆ ನೀರು ಬಿಡಲು ಹೋದ. ಬೇವಿನ ಬುಡದವರೆಗೂ ಕಾಂಕ್ರೀಟ್ ಬಂತು. ಬಾಗಿಲ ಮುಂದೆ ಭೀಮಮ್ಮ ಬಿಳಿ, ಹಳದಿ ಪೇಂಟಿನಲ್ಲಿ ದೊಡ್ಡ ರಂಗೋಲಿ ಬರೆಸಿದಳು.

"ಇನ್ನ ನಾ ಸತ್ರೂ ಇದು ಅಳಿಸಂಗಿಲ್ಲ ನೋಡ್ರಿ" ಎಂದು ನಕ್ಕಳು. ಅವನೂ ನಕ್ಕ.

ಮೊದಲ ಮಳೆಗೆ ನೀರು ಇಂಗಲು ಜಾಗವಿಲ್ಲದೆ ಅಂಗಳದಲ್ಲೇ ನಿಂತಿತು. ಕೆಂಧೂಳು ನೆನೆದು ರಾಡಿಯಾಗಿ, ಕಾಂಕ್ರೀಟಿನ ಮೇಲೆ ಎಣ್ಣೆ ಸುರಿದಂತಾಯಿತು.

"ಜಲ್ದಿ ಬರ್ರಿ, ನೀರು ಒಳಗ ಬರಾಕತ್ತೈತಿ!" ಎಂದು ಕೂಗಿದವಳು ಅವಳೇ.

ವಿರುಪಾಕ್ಷಪ್ಪ ಕಸಬರಿಗೆ ಹಿಡಿದು ಓಡಿಬಂದ. ಎರಡು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಕಾಲು ಜಾರಿ, ತಲೆ ನೆಲಕ್ಕೆ ಬಡಿಯಿತು. ಮಣ್ಣಾಗಿದ್ದರೆ ಬಟ್ಟೆ ಕೊಡವಿಕೊಂಡು ಏಳುತ್ತಿದ್ದನೇನೋ. ಹೊಸಪೇಟೆ ಆಸ್ಪತ್ರೆಯ ದಾರಿಯಲ್ಲೇ ಜೀವ ಹೋಯಿತು.

ಸಾವಾದ ಮನೆಯ ಮುಂದೆ ರಂಗೋಲಿ ಹಾಕುವುದಿಲ್ಲ. ಬರಿದಾದ ಅಂಗಳ ಕಂಡೇ ಜನ ದನಿ ತಗ್ಗಿಸಿ ಒಳಗೆ ಬರುತ್ತಾರೆ. ಆದರೆ ಭೀಮಮ್ಮನ ಬಾಗಿಲಲ್ಲಿ ಮಳೆಗೆ ತೊಳೆದ ರಂಗೋಲಿ ಹಬ್ಬದ ದಿನದಂತೆ ಹೊಳೆಯುತ್ತಿತ್ತು.

ಮೂರನೆಯ ದಿನ ಮೆಟ್ರಿಯಿಂದ ಮೈದುನ ತೋಟಪ್ಪ ಬಂದ. ಮಗಳ ಮದುವೆಯ ಕಾರ್ಡ್ ಹಂಚುತ್ತ ನಾಲ್ಕು ದಿನದಿಂದ ಊರೂರು ತಿರುಗುತ್ತಿದ್ದವನಿಗೆ, ಫೋನೂ ಕೆಟ್ಟಿದ್ದರಿಂದ, ಸುದ್ದಿ ಮುಟ್ಟಿರಲಿಲ್ಲ.

"ಅತ್ತಿಗೀ, ಅಣ್ಣ ಎಲ್ಲಿ? ಮದುವಿಗೆ ವಾರ ಮೊದಲ ಬರಬೇಕು ಅಂವ!" ಎಂದು ಗೇಟಿನಿಂದಲೇ ಕೂಗುತ್ತ, ಅರಿಸಿನ ಹಚ್ಚಿದ ಕಾರ್ಡ್ ಮುಂದೆ ಚಾಚಿ ಹೊಸ್ತಿಲಿಗೆ ಬಂದ. ಅವಳ ಬೋಳು ಹಣೆ ಕಂಡಿತು. ಚಾಚಿದ ಕೈ ಅಲ್ಲೇ ನಿಂತಿತು.

"ತಪ್ಪಾತು ಅತ್ತಿಗಿ... ಬಾಗಿಲಾಗ ರಂಗೋಲಿ ಇತ್ತಲ್ಲ, ಅದಕ್ಕ..." ಎನ್ನುತ್ತ ಅಲ್ಲೇ ಕುಸಿದು ಕುಳಿತು ಅತ್ತ.

ಅವನು ಹೋದ ಮೇಲೆ ಭೀಮಮ್ಮ ಕುಡುಗೋಲಿನಿಂದ ರಂಗೋಲಿ ಕೆರೆದಳು. ಬೆರಳ ಚರ್ಮ ಕಿತ್ತುಹೋಯಿತು, ಪೇಂಟ್ ಹೋಗಲಿಲ್ಲ. ಎದ್ದು ಹಾರೆ ತಂದಳು. ರಂಗೋಲಿಯನ್ನು ದಾಟಿ ಬೇವಿನ ಬುಡಕ್ಕೆ ಹೋಗಿ ಕುಟ್ಟತೊಡಗಿದಳು. ಓಣಿಯವರು ಬಂದು ಹಾರೆ ಕಸಿದುಕೊಳ್ಳಲು ನೋಡಿದರು, ಅವಳು ಬಿಡಲಿಲ್ಲ.

ಸಂಜೆಗೆ ಮಣ್ಣು ಕಂಡಿತು. ಅಷ್ಟು ಮಳೆ ಬಿದ್ದಿದ್ದರೂ ಒಣಗಿಯೇ ಇತ್ತು. ಅವಳು ಗಿಡದ ಬುಡದಿಂದ ಪಾದಕ್ಕೆ ಪಾದ ಸೇರಿಸಿ ಅಳೆದಳು: ಒಂದು, ಎರಡು, ಮೂರು.

"ಬಿಟ್ಟೀನಿ ನೋಡ್ರಿ" ಎಂದಳು. "ಮೂರಡಿ ಬಿಟ್ಟೀನಿ."