ಅವಧಿಗೆ ಮುಂಚೆ ಮುರಿಯುವಂತಿಲ್ಲ

"ದುಡ್ಡನ್ನ ಐದು ವರ್ಷಕ್ಕೆ ಠೇವಣಿ ಹಾಕಿಬಿಡೋಣ ರೀ," ಎಂದು ನನ್ನ ಹೆಂಡತಿ ಹೇಳಿದಾಗ ನಾನು ತಟ್ಟೆ ಒರೆಸುತ್ತಿದ್ದೆ. ಒರೆಸಿಟ್ಟ ತಟ್ಟೆಯನ್ನೇ ಎತ್ತಿಕೊಂಡು ಮತ್ತೆ ಒರೆಸಿದೆ.

ಅವಳು ಇಪ್ಪತ್ತೆರಡು ವರ್ಷ ದುಡಿದ ಸಿದ್ಧ ಉಡುಪಿನ ಕಾರ್ಖಾನೆ ಆ ತಿಂಗಳು ಬಾಗಿಲು ಹಾಕಿತ್ತು. ಅಲ್ಲಿ ಅವಳು ಚೆಕ್ಕರ್. ಹೊಲಿದು ಬಂದ ಶರ್ಟುಗಳನ್ನು ಬೆಳಕಿಗೆ ಹಿಡಿದು, ತಪ್ಪು ಹೊಲಿಗೆ ಕಂಡಲ್ಲಿ ಬಾಣದ ಗುರುತಿನ ಪುಟ್ಟ ಸ್ಟಿಕ್ಕರ್ ಅಂಟಿಸಿ ವಾಪಸು ಕಳಿಸುವ ಕೆಲಸ. ಕೊನೆಯ ದಿನ ಕೊಟ್ಟ ಚೆಕ್ಕು ನಮ್ಮಿಬ್ಬರ ಜಂಟಿ ಉಳಿತಾಯ ಖಾತೆಗೆ ಬಂದು ಕೂತಿತ್ತು. ಅಷ್ಟು ಹಣವನ್ನು ಒಟ್ಟಿಗೆ ನಾವು ಕಂಡದ್ದು ಅದೇ ಮೊದಲು.

"ಉಳಿತಾಯದಲ್ಲೇ ಇರಲಿ ಬಿಡೇ. ಬೇಕಾದಾಗ ಕೈಗೆ ಸಿಗುತ್ತೆ."

"ಯಾವಾಗ ಬೇಕಾಗುತ್ತೆ?"

ನಾನು ಇನ್ನೊಂದು ತಟ್ಟೆ ಎತ್ತಿಕೊಂಡೆ. ಹತ್ತು ದಿನದ ಹಿಂದೆ ಡಾಕ್ಟರು ಅವಳನ್ನು ಹೊರಗೆ ಕೂರಿಸಿ ನನ್ನೊಬ್ಬನಿಗೆ ಹೇಳಿದ್ದರು: ಹೊಟ್ಟೆಯೊಳಗಿನ ಗಡ್ಡೆ ಲಿವರಿಗೂ ಹಬ್ಬಿದೆ, ಹೆಚ್ಚೆಂದರೆ ಏಳೆಂಟು ತಿಂಗಳು. ಹೊಸ ಇಂಜೆಕ್ಷನ್ ಒಂದಿದೆ, ತುಂಬಾ ದುಬಾರಿ. ಅದರಿಂದ ಇನ್ನು ನಾಲ್ಕು ತಿಂಗಳು ಸಿಗಬಹುದು, ಸಿಗದೆಯೂ ಇರಬಹುದು. ಅವಳಿಗೆ ನಾನು ಹೇಳಿದ್ದು ಹುಣ್ಣು ಎಂದು. ಗುಳಿಗೆ ನುಂಗಿದರೆ ವಾಸಿಯಾಗುವ ಹುಣ್ಣು.

ಐದು ವರ್ಷ ಬೇಡವೆಂದು ಹಟ ಹಿಡಿದರೆ ಯಾಕೆಂದು ಹೇಳಬೇಕಾಗುತ್ತದೆ. ಸರಿ ಎಂದರೆ ಇಂಜೆಕ್ಷನ್ನಿನ ಹಣಕ್ಕೆ ನಾನೇ ಬೀಗ ಜಡಿದಂತೆ.

ನಾನು ಪಂಪು ರಿಪೇರಿಯ ವರ್ಕ್‌ಶಾಪಿನಲ್ಲಿ ಉಗ್ರಾಣ ನೋಡಿಕೊಳ್ಳುವವನು. ಒಂದು ವಾಷರನ್ನು ಕೊಡಬೇಕಾದರೂ ಎರಡು ಸಲ ಅಳೆಯುತ್ತೇನೆಂದು ಅಲ್ಲಿ ನನ್ನನ್ನು 'ಎರಡ್ಸಲ' ಎಂದೇ ಕರೆಯುತ್ತಾರೆ. ಮದುವೆಯಾದ ಹೊಸದರಲ್ಲಿ ಸಂಜೆ ಕಾಲೇಜಿಗೆ ಹೋಗಿ ವಾಣಿಜ್ಯ ಓದಿದ್ದೆ. ಫೀಸು ಅವಳ ಓವರ್‌ಟೈಮಿನದು. ಆ ಓದನ್ನೆಲ್ಲ ಕೆದಕಿ ವಾದ ಹೂಡಿದೆ. ಬಡ್ಡಿ ದರ ಏರಬಹುದು, ಕಾಯೋಣ ಎಂದೆ. ಬೆಲೆಯೇರಿಕೆಯ ಮಾತೆತ್ತಿದೆ, ಹಾಗಿದ್ದರೆ ಉಳಿತಾಯದ ಪುಡಿ ಬಡ್ಡಿ ಎಲ್ಲಿ ಸಾಲುತ್ತೆ ಎಂದಳು, ಅದು ತಿರುಗಿ ನನ್ನ ವಾದದ ಮೇಲೇ ಬಿತ್ತು.

ಅಷ್ಟರಲ್ಲಿ ಅವಳ ಅಣ್ಣ ಬಂದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಮನೆಯೊಳಗೆ ಮಾತಾಡಿದರೂ ಹಿಂದಿನ ಸೀಟಿನವರೆಗೆ ಕೇಳಿಸಬೇಕು ಅವರಿಗೆ.

"ಏನ್ ಭಾವಾ, ದುಡ್ಡು ಎರಡ್ಸಲ ಎಣಿಸಿ ಆಯ್ತಾ?"

"ಠೇವಣಿ ಬೇಡ ಅಂತಿದಾರೆ ಕಣಣ್ಣ," ಎಂದಳು ಅವಳು.

"ಉಳಿತಾಯ ಖಾತೆ ಅಂದ್ರೆ ನನ್ನ ತಲೆಕೂದಲು ಇದ್ದ ಹಾಗೆ ಭಾವಾ. ಇದೆ ಅನ್ನೋ ಸಮಾಧಾನ ಅಷ್ಟೇ, ಬೆಳೆಯಲ್ಲ."

ಅವಳು ಪಕ್ಕೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೂ ಕೈ ಅಲ್ಲೇ ಇತ್ತು.

ಸೋಮವಾರ ಬ್ಯಾಂಕಿಗೆ ಹೋದೆವು. ಕೌಂಟರಿನಲ್ಲಿದ್ದ ಹೆಂಗಸು ಎರಡು ಅರ್ಜಿಗಳನ್ನು ಮುಂದಿಟ್ಟರು. "ಇದರಲ್ಲಿ ಬಡ್ಡಿ ಸ್ವಲ್ಪ ಕಮ್ಮಿ, ಆದ್ರೆ ಬೇಕಾದಾಗ ಮುರಿಸ್ಕೋಬಹುದು. ಇದರಲ್ಲಿ ಜಾಸ್ತಿ, ಆದ್ರೆ ಐದು ವರ್ಷ ಮುಟ್ಟೋ ಹಾಗಿಲ್ಲ."

"ಮೊದಲನೇದು ಕೊಡಿ," ಎಂದೆ, ಅವರ ಮಾತು ಮುಗಿಯುವ ಮೊದಲೇ.

"ಎರಡನೇದು," ಎಂದಳು ನನ್ನ ಹೆಂಡತಿ. "ಏನೇ ಆದ್ರೂ ಮುರಿಯಕ್ಕಾಗಲ್ವಾ? ಆಸ್ಪತ್ರೆ ಖರ್ಚು ಅಂದ್ರೂ?"

"ಇಲ್ಲಮ್ಮ. ಠೇವಣಿ ಯಾರ ಹೆಸರಲ್ಲಿರುತ್ತೋ ಅವರು ತೀರಿಕೊಂಡ್ರೆ ಮಾತ್ರ ನಾಮಿನಿಗೆ ಕೊಡ್ತೀವಿ."

"ಆಗ ಐದು ವರ್ಷ ಕಾಯಬೇಕಾ?"

"ಬೇಡ. ಆಗ ಯಾವತ್ತು ಬಂದ್ರೂ ಕೊಡ್ತೀವಿ." ಹೇಳಿದ ಮೇಲೆ ಆಕೆಗೆ ಇರಿಸುಮುರುಸಾಯಿತು. "ಸುಮ್ನೆ ನಿಯಮ ಹೇಳ್ದೆ ಅಮ್ಮ."

"ಹಾಗಾದ್ರೆ ನನ್ನೊಬ್ಬಳ ಹೆಸರಲ್ಲೇ ಮಾಡಿ. ನಾಮಿನಿ ಇವರು."

ನಾನು ಕೌಂಟರು ಬಿಟ್ಟು ಹೋಗಿ ಗೋಡೆ ಬದಿಯ ಬೆಂಚಿನ ಮೇಲೆ ಕೂತೆ. ಅವಳು ಅರ್ಜಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು.

"ನಿನಗೆ ಯಾವಾಗಿಂದ ಗೊತ್ತು?" ಎಂದೆ.

"ನೀವು ಡಾಕ್ಟರ ರೂಮಿಂದ ಹೊರಗೆ ಬಂದ್ರಲ್ಲ, ಆಗಿಂದ. ಇಪ್ಪತ್ತೆರಡು ವರ್ಷ ತಪ್ಪು ಹೊಲಿಗೆ ಹುಡುಕಿದೋಳು ನಾನು. ಅವತ್ತು ನಿಮ್ಮ ಮುಖಕ್ಕೆ ಸ್ಟಿಕ್ಕರ್ ಅಂಟಿಸೋಕೆ ಜಾಗ ಸಾಲ್ತಿರಲಿಲ್ಲ. ಆಮೇಲೆ ಫೈಲು ತಗೊಂಡು ಹೋಗಿ ಡಾಕ್ಟರನ್ನೇ ಕೇಳಿದೆ. ಇಂಜೆಕ್ಷನ್ ವಿಷಯಾನೂ ಹೇಳಿದ್ರು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನೀವು ಹುಣ್ಣು ಅಂತ ಅಷ್ಟು ಕಷ್ಟಪಟ್ಟು ಹೇಳ್ತಿದ್ರಿ. ಪಾಪ ಅನ್ನಿಸ್ತು."

ಟೋಕನ್ ನಂಬರು ಕೂಗುತ್ತಿದ್ದರು. ಅವಳು ಅರ್ಜಿಯ ಮೂಲೆ ನೇವರಿಸಿದಳು.

"ಪೂರ್ತಿ ಹಣ ಆ ಇಂಜೆಕ್ಷನ್ನಿಗೆ ಸುರಿದ್ರೆ ಏನ್ ಬರುತ್ತೆ? ಹೇಳಿ, ಓದಿದೋರು ನೀವು."

"ನಾಲ್ಕು ತಿಂಗಳು."

"ಖಾತ್ರಿನಾ?"

"ಅಲ್ಲ."

"ನೋಡಿ ಮತ್ತೆ."

"ನಾಲ್ಕು ತಿಂಗಳು ಕಮ್ಮಿಯೇನೇ?" ನನ್ನ ದನಿ ಏರಿತು. ಸಾಲಿನಲ್ಲಿದ್ದವರು ತಿರುಗಿ ನೋಡಿದರು.

"ಕಮ್ಮಿ ಅಲ್ಲ," ಎಂದಳು ಮೆಲ್ಲಗೆ. "ಆಸೆ ಇಲ್ಲ ಅಂದ್ಕೊಂಡ್ರಾ? ಆದ್ರೆ ಅದಾದ್ಮೇಲೆ ನೀವೊಬ್ರೇ ಇರಬೇಕಲ್ಲ. ಬಾಡಿಗೆ ಮನೇಲಿ, ಆ ನೋಯೋ ಮೊಣಕಾಲು ಇಟ್ಕೊಂಡು. ಕೈಗೆ ಸಿಗೋ ಹಾಗಿದ್ರೆ ನೀವು ಸುರಿದೇ ಸುರೀತೀರಿ, ನಾನೂ ಹೂಂ ಅಂದುಬಿಡ್ತೀನಿ. ಅದಕ್ಕೇ ಈ ಬೀಗ."

ನಮ್ಮ ಜಂಟಿ ಖಾತೆಯಿಂದ ಹಣ ತೆಗೆಯಲು ಇಬ್ಬರ ಸಹಿಯೂ ಬೇಕಿತ್ತು. ನಾನು ಮಾಡದಿದ್ದರೆ ಅದು ಅಲ್ಲಾಡುತ್ತಿರಲಿಲ್ಲ. ಎದ್ದು ಹೊರಗೆ ಹೋಗಿಬಿಡಬಹುದಿತ್ತು. ಎಷ್ಟೋ ಗಂಡಸರು ಹೋಗುತ್ತಿದ್ದರೇನೋ. ಅವಳು ನನ್ನನ್ನು ಇಷ್ಟು ವರ್ಷ ಬೇರೇನೂ ಕೇಳಿರಲಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಸಹಿ ಮಾಡಿದೆ.

ಕೌಂಟರಿನವರು ಕಂಪ್ಯೂಟರನ್ನೂ ಕಾಗದವನ್ನೂ ನೋಡಿದರು. "ಸರ್, ನಿಮ್ಮ ಸಹಿ ಹೊಂದ್ತಾ ಇಲ್ಲ."

"ಇನ್ನೊಂದ್ಸಲ ಮಾಡಿ," ಎಂದಳು ನನ್ನ ಹೆಂಡತಿ. "ನಿಮಗೇನು ಹೊಸದಾ?"

ಕಾಗದ ಜಾರದಂತೆ ಅವಳು ಎರಡೂ ಅಂಗೈಗಳಿಂದ ಒತ್ತಿ ಹಿಡಿದಳು, ಮೇಜಿನ ಮೇಲೆ ಬಟ್ಟೆ ಹರವಿ ಹಿಡಿಯುವ ಹಾಗೆ. ಎರಡನೆಯ ಸಹಿ ಹೊಂದಿತು.

ಅವಳು ಏಳನೆಯ ತಿಂಗಳಲ್ಲಿ ಹೋದಳು. ಬೆಳಗಿನ ಹೊತ್ತು, ನಾನು ಅವಳ ತಲೆದಿಂಬಿನ ಚೀಲ ಬದಲಿಸುತ್ತಿದ್ದಾಗ.

"ಹೋಗಿ ಹಣ ಬಿಡಿಸ್ಕೊಂಡು ಬಾ ಭಾವಾ," ಎಂದು ಅವಳ ಅಣ್ಣ ಎರಡು ಮೂರು ಸಲ ಹೇಳಿದರು, ನನಗೊಬ್ಬನಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ. ನಾನು ಹೋಗಲಿಲ್ಲ. ಆ ನಾಲ್ಕು ತಿಂಗಳು ನಡೆಯುತ್ತಿದ್ದವಲ್ಲ. ಇಂಜೆಕ್ಷನ್ ಹಾಕಿಸಿದ್ದರೆ ಇವತ್ತು ಇರುತ್ತಿದ್ದಳು ಎಂದುಕೊಂಡೇ ಪ್ರತಿ ಬೆಳಿಗ್ಗೆ ಏಳುತ್ತಿದ್ದೆ. ಇರುತ್ತಿರಲಿಲ್ಲವೇನೋ ಎಂದುಕೊಂಡು ಮಲಗುತ್ತಿದ್ದೆ. ಎರಡರಲ್ಲಿ ಯಾವುದು ನಿಜ ಎಂದು ನೋಡಲು ಯಾವ ಅಳತೆಪಟ್ಟಿಯೂ ನನ್ನಲ್ಲಿರಲಿಲ್ಲ.

ನಾಲ್ಕು ತಿಂಗಳು ಮುಗಿದ ಮಾರನೆಯ ದಿನ ಬ್ಯಾಂಕಿಗೆ ಹೋದೆ. ಅದೇ ಹೆಂಗಸು. ಮರಣ ಪ್ರಮಾಣಪತ್ರ ನೋಡಿ ಕನ್ನಡಕ ತೆಗೆದರು.

"ಇವತ್ತೇ ನಿಮ್ಮ ಖಾತೆಗೆ ಹಾಕಿಬಿಡ್ಲಾ ಸರ್?"

"ಹಾಗೇ ಇಡೋಕೆ ಬರುತ್ತಾ?"

"ಅವಧಿ ಮುಗಿಯೋವರೆಗೂ ಇಡಬಹುದು. ಆದ್ರೆ ಯಾಕೆ ಸರ್?"

"ಇರಲಿ," ಎಂದೆ. "ಅವಳು ಐದು ವರ್ಷ ಅಂದಿದಾಳೆ."